ಎತ್ತರಿಸಿದ ಪಿಕಪ್ಪಿನ ಹಿಂಬದಿ ಬ್ರೇಕ್: ದೋಷ ಹುಡುಕುವ ಮತ್ತು ಸರಿಪಡಿಸುವ ಕ್ರಮ

ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದ, ಗದಗದ ಕಡೆಗೆ ಹಬ್ಬಿರುವ ಎರೆ ಭೂಮಿಯಲ್ಲಿ ಮಳೆ ಹಿಡಿದರೆ ಹೊಲದ ದಾರಿಗಳಲ್ಲಿ ಟ್ರ್ಯಾಕ್ಟರ್ ಗಾಲಿಗಳು ಆಳವಾದ ಜಾಡು ಕೊರೆಯುತ್ತವೆ. ಉಳ್ಳಾಗಡ್ಡಿ, ಹತ್ತಿ ಅಥವಾ ಮೆಣಸಿನಕಾಯಿ ಹೇರಿಕೊಂಡು ಆ ಜಾಡಿನಲ್ಲಿ ಬರುವ ಪಿಕಪ್ಪಿನ ಹಿಂಭಾಗ ಕುಗ್ಗಿ, ಸೈಲೆನ್ಸರ್ ಮತ್ತು ಡೀಸೆಲ್ ಟ್ಯಾಂಕು ನಡುವಿನ ದಿಬ್ಬಕ್ಕೆ ಉಜ್ಜುತ್ತವೆ ಎಂಬ ಕಾರಣಕ್ಕೆ ನಮ್ಮ ಭಾಗದ ಅನೇಕ ಮಾಲೀಕರು ಹಿಂಬದಿಗೆ ಒಂದೆರಡು ಪಾಟಾ (ಸ್ಪ್ರಿಂಗಿನಂತೆ ಭಾರ ಹೊರುವ ಉಕ್ಕಿನ ಪಟ್ಟಿ) ಹೆಚ್ಚು ಹಾಕಿಸುತ್ತಾರೆ, ಪಾಟಾದ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಶ್ಯಾಕಲ್ ಉದ್ದನೆಯದನ್ನು ಕೂಡಿಸುತ್ತಾರೆ, ಇಲ್ಲವೇ ಹೌಸಿಂಗ್ (ಹಿಂದಿನ ಆಕ್ಸಲ್ಲಿನ ಕವಚ) ಮತ್ತು ಪಾಟಾ ಸೆಟ್ಟಿನ ನಡುವೆ ಕಬ್ಬಿಣದ ಬ್ಲಾಕ್ ಇಡಿಸುತ್ತಾರೆ. ಇದರಿಂದ ಚಾಸಿಸ್ ಏರುತ್ತದೆಯೇ ಹೊರತು ಹೌಸಿಂಗ್ ಏರುವುದಿಲ್ಲ. ಹೌಸಿಂಗಿನಲ್ಲಿ ಉಬ್ಬಿರುವ ಡಿಫರೆನ್ಶಿಯಲ್ಲಿನ ಗುಂಡು ಮೊದಲಿದ್ದಷ್ಟೇ ಎತ್ತರದಲ್ಲಿರುತ್ತದೆ. ಅದನ್ನು ಏರಿಸಲು ದೊಡ್ಡ ಟೈರು ಬೇಕು. ಇಷ್ಟನ್ನು ತಿಳಿಯದೆ ಹಣ ಖರ್ಚು ಮಾಡಿದವರನ್ನು ನಾನು ಬಹಳ ನೋಡಿದ್ದೇನೆ.

ಆದರೆ ಈ ಬರಹದ ವಿಷಯ ಬ್ರೇಕು. ಚಾಸಿಸ್ ಮತ್ತು ಹೌಸಿಂಗ್ ನಡುವಿನ ಅಂತರ ಬದಲಾದ ಕೂಡಲೇ ಹಿಂದಿನ ಬ್ರೇಕಿಗೆ ಸಂಬಂಧಿಸಿದ ನಾಲ್ಕು ವಸ್ತುಗಳು ತಮ್ಮ ಮೂಲ ಅಳತೆಯಿಂದ ಆಚೆ ಹೋಗುತ್ತವೆ: ಲೋಡ್ ವಾಲ್ವ್‌ನ ರಾಡು, ರಬ್ಬರ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್ ಮತ್ತು ಹೌಸಿಂಗಿನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪು. ಇವುಗಳಲ್ಲಿ ಯಾವುದೂ ಡ್ರಮ್ಮಿನ ಒಳಗಿಲ್ಲ. ಆದರೂ ಬ್ರೇಕ್ ಹಿಡಿಯುತ್ತಿಲ್ಲ ಎಂದು ದೂರು ಬಂದಾಗ ಎಲ್ಲರೂ ಮೊದಲು ಬಿಚ್ಚುವುದು ಡ್ರಮ್ಮನ್ನೇ. ಎತ್ತರಿಸಿದ ಗಾಡಿಯಲ್ಲಿ ಪಾನಾಕ್ಕಿಂತ ಮೊದಲು ಅಳತೆಯ ಟೇಪನ್ನು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಅನುಭವದ ಮಾತು. ಇಲ್ಲಿ ಹೇಳುವುದೆಲ್ಲ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ಬ್ರೇಕ್ ಆಯಿಲ್‌ನಿಂದ ನಡೆಯುವ ಪಿಕಪ್ಪುಗಳಿಗೆ ಅನ್ವಯಿಸುತ್ತದೆ. ಗಾಳಿ ಬ್ರೇಕಿನ ದೊಡ್ಡ ಲಾರಿಗಳ ಹೊಂದಾಣಿಕೆಯ ಕ್ರಮವೇ ಬೇರೆ.

ಲೋಡ್ ವಾಲ್ವ್ ಏನು ಮಾಡುತ್ತದೆ

ಖಾಲಿ ಪಿಕಪ್ಪಿನ ಹಿಂದಿನ ಗಾಲಿಗಳ ಮೇಲೆ ಭಾರ ಬಹಳ ಕಡಿಮೆ. ಬ್ರೇಕ್ ತುಳಿದಾಗ ಭಾರ ಮುಂದಕ್ಕೆ ವಾಲುವುದರಿಂದ ಅದು ಇನ್ನೂ ಕಡಿಮೆಯಾಗುತ್ತದೆ. ಆಗ ಮುಂದಿನಷ್ಟೇ ಒತ್ತಡ ಹಿಂದಕ್ಕೂ ಹೋದರೆ ಹಿಂದಿನ ಗಾಲಿಗಳು ಮೊದಲು ಕಚ್ಚಿಕೊಂಡು ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಇದನ್ನು ತಡೆಯಲು ಚಾಸಿಸ್ಸಿಗೆ ಒಂದು ವಾಲ್ವ್ ಕೂಡಿಸಿ, ಅದರ ಲಿವರನ್ನು ರಾಡು ಅಥವಾ ಸ್ಪ್ರಿಂಗಿನ ಮೂಲಕ ಹೌಸಿಂಗಿಗೆ ಜೋಡಿಸಿರುತ್ತಾರೆ. ಭಾರ ಹೇರಿದಾಗ ಚಾಸಿಸ್ ಕೆಳಗಿಳಿದು ಅಂತರ ಕಡಿಮೆಯಾಗುತ್ತದೆ, ಲಿವರ್ ತಿರುಗುತ್ತದೆ, ವಾಲ್ವ್ ಹಿಂದಕ್ಕೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಅಂದರೆ ಈ ವಾಲ್ವ್ ಭಾರವನ್ನು ತೂಗುವುದಿಲ್ಲ, ಅಂತರವನ್ನು ಮಾತ್ರ ಅಳೆಯುತ್ತದೆ. ಗ್ಯಾರೇಜುಗಳಲ್ಲಿ ಎಲ್‌ಎಸ್‌ಪಿವಿ (ಲೋಡ್ ಸೆನ್ಸಿಂಗ್ ಪ್ರಪೋರ್ಷನಿಂಗ್ ವಾಲ್ವ್) ಎಂದು ಕರೆಯುವುದು ಇದನ್ನೇ.

ಗಾಡಿಯನ್ನು ಎತ್ತರಿಸಿದಾಗ ಅಂತರ ಹೆಚ್ಚುತ್ತದೆ. ಒಂದು ಟನ್ ಉಳ್ಳಾಗಡ್ಡಿ ಹೇರಿದ್ದರೂ ವಾಲ್ವ್‌ನ ಮಟ್ಟಿಗೆ ಗಾಡಿ ಖಾಲಿಯೇ ಇರುತ್ತದೆ.

ಅಣ್ಣಿಗೇರಿ ಕಡೆಯ ಒಂದು ಗಾಡಿ

ಅಣ್ಣಿಗೇರಿ ಸಮೀಪದ ರೈತರೊಬ್ಬರು ಅಮರಗೋಳದ ಎಪಿಎಂಸಿಗೆ ಮಾಲು ಇಳಿಸಿ ಹೋಗುವಾಗ ತಮ್ಮ ಪಿಕಪ್ಪನ್ನು ನಮ್ಮ ಗ್ಯಾರೇಜಿಗೆ ತಂದಿದ್ದರು. "ಬ್ರೇಕ್ ಹಿಡಿತೈತ್ರಿ, ಆದ್ರ ಲೋಡ್ ಇದ್ದಾಗ ಗಾಡಿ ನಿಂದ್ರವಲ್ತು" ಎಂಬುದು ಅವರ ದೂರು. ಪೆಡಲ್ ಗಟ್ಟಿಯಾಗಿತ್ತು, ಆಯಿಲ್ ಮಟ್ಟ ಸರಿಯಿತ್ತು. ಬೇರೊಂದು ಕಡೆ ಎರಡು ಬಾರಿ, ಡ್ರಮ್ಮಿಗೆ ಒಳಗಿನಿಂದ ಒತ್ತುವ ಹಿಂದಿನ ಶೂ ಬಿಗಿ ಮಾಡಿ, ಮಾಸ್ಟರ್ ಸಿಲಿಂಡರನ್ನೂ ಬದಲಿಸಿದ್ದರು. ಮುಂದಿನ ಪ್ಯಾಡುಗಳು ಮಾತ್ರ ಸವೆದು ಕಬ್ಬಿಣಕ್ಕೆ ಬಂದಿದ್ದವು.

ಅವರನ್ನೇ ಸ್ಟೇರಿಂಗಿಗೆ ಕೂರಿಸಿ ನಾಲ್ಕಾರು ಬಾರಿ ಚೆನ್ನಾಗಿ ಬ್ರೇಕ್ ಹಾಕಿಸಿ ಗಾಡಿಯನ್ನು ನಿಲ್ಲಿಸಿದೆ. ಮುಂದಿನ ಡಿಸ್ಕಿನ ಮೇಲೆ ಬೆರಳಿನಿಂದ ನೀರು ಚಿಮುಕಿಸಿದರೆ ಚುಂಯ್ ಎಂದು ಸದ್ದು ಮಾಡಿ ಹಾರಿಹೋಯಿತು. ಹಿಂದಿನ ಡ್ರಮ್ಮಿನ ಮೇಲೆ ಬಿದ್ದ ಹನಿ ಧೂಳನ್ನು ತೊಳೆದುಕೊಂಡು ನಿಧಾನವಾಗಿ ಕೆಳಗಿಳಿಯಿತು. ಹಿಂದಿನ ಬ್ರೇಕು ಕೆಲಸವನ್ನೇ ಮಾಡುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಗಾಡಿಯ ಅಡಿಗೆ ಹೋಗಿ ನೋಡಿದರೆ ಹೌಸಿಂಗಿನ ಎರಡೂ ಬದಿಗೆ ಬ್ಲಾಕ್, ಪ್ರತಿ ಸೆಟ್ಟಿಗೆ ಒಂದು ಹೊಸ ಪಾಟಾ. ಲೋಡ್ ವಾಲ್ವ್‌ನ ರಾಡು ಮಾತ್ರ ಕಂಪನಿ ಕೂಡಿಸಿದ ತೂತಿನಲ್ಲಿಯೇ ಇದ್ದು, ಲಿವರನ್ನು ಅದರ ಕೊನೆಯ ತುದಿಯವರೆಗೆ ಕೆಳಕ್ಕೆ ಜಗ್ಗಿ ಹಿಡಿದಿತ್ತು. ಲಿವರಿನ ಬುಡದಲ್ಲಿ ಎರೆ ಮಣ್ಣು ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಅದನ್ನು ಸ್ಕ್ರೂ ಡ್ರೈವರಿನಿಂದ ಬಿಡಿಸಿ ತೆಗೆದ ಮೇಲೆಯೇ ಲಿವರ್ ಕೈಗೆ ಅಲುಗಾಡಿದ್ದು.

ಮೊದಲು ಅಳತೆ

ಸಮತಟ್ಟಾದ ನೆಲದ ಮೇಲೆ ಖಾಲಿ ಗಾಡಿಯನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು, ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎರಡು ಬಾರಿ ಕುಲುಕಿ ಪಾಟಾ ತನ್ನ ಸ್ಥಾನಕ್ಕೆ ಬರುವಂತೆ ಮಾಡಬೇಕು. ನಂತರ ಹೌಸಿಂಗ್ ಟ್ಯೂಬಿನ ಮೇಲ್ಭಾಗದಿಂದ ನೇರ ಮೇಲಿರುವ ಚಾಸಿಸ್ಸಿನ ಕೆಳ ಅಂಚಿನವರೆಗೆ ಎರಡೂ ಬದಿಯಲ್ಲಿ ಅಳೆಯಬೇಕು. ಎತ್ತರಿಸುವ ಮೊದಲಿನ ಅಳತೆಯನ್ನು ಬರೆದಿಟ್ಟುಕೊಂಡವರು ಅಪರೂಪ. ಅದು ಇಲ್ಲದಿದ್ದರೆ ಅದೇ ಮಾದರಿಯ, ಏನೂ ಬದಲಾಯಿಸದ ಇನ್ನೊಂದು ಗಾಡಿಯನ್ನು ಅಳೆದು ಹೋಲಿಸಬೇಕು. ಹಾಗೆಯೇ ಅದರ ಲೋಡ್ ವಾಲ್ವ್‌ನ ಲಿವರ್ ಯಾವ ಕೋನದಲ್ಲಿದೆ ಎಂಬುದನ್ನು ಪಕ್ಕದಿಂದ ನೇರವಾಗಿ ಫೋಟೊ ತೆಗೆದುಕೊಳ್ಳಬೇಕು. ಅಣ್ಣಿಗೇರಿಯ ಗಾಡಿಯಲ್ಲಿ ವ್ಯತ್ಯಾಸ 62 ಮಿಲಿಮೀಟರ್ ಬಂದಿತ್ತು. ಹಾಕಿದ್ದ ಬ್ಲಾಕಿನ ದಪ್ಪ 50 ಮಾತ್ರ. ಉಳಿದ 12 ಹೊಸ ಪಾಟಾದ ಕೊಡುಗೆ.

ಕೂಡಿಸಿದ ವಸ್ತುವಿನ ಅಳತೆಯೇ ಏರಿದ ಎತ್ತರ ಎಂದು ಭಾವಿಸುವುದು ತಪ್ಪು. ಬ್ಲಾಕ್ ಎಷ್ಟು ದಪ್ಪವೋ ಅಷ್ಟು ಏರಿಸುತ್ತದೆ ನಿಜ. ಶ್ಯಾಕಲ್ ಹಾಗಲ್ಲ: ಅದು ಪಾಟಾದ ಒಂದು ತುದಿಯನ್ನು ಮಾತ್ರ ಏರಿಸುವುದರಿಂದ, ಹೌಸಿಂಗ್ ಪಾಟಾದ ನಡುವಿನಲ್ಲಿದ್ದರೆ, ಶ್ಯಾಕಲ್ ಹೆಚ್ಚಿದ ಉದ್ದದ ಸುಮಾರು ಅರ್ಧದಷ್ಟು ಮಾತ್ರ ಚಾಸಿಸ್ ಏರುತ್ತದೆ, ಜೊತೆಗೆ ಹೌಸಿಂಗ್ ಸ್ವಲ್ಪ ತಿರುಗಿ ಪ್ರೊಪೆಲ್ಲರ್ ಶಾಫ್ಟ್ ಸೇರುವ ಪಿನಿಯನ್ನಿನ ಮೂತಿಯ ದಿಕ್ಕೂ ಬದಲಾಗುತ್ತದೆ. ಪಾಟಾ ಸೇರಿಸಿದಾಗ ಎಷ್ಟು ಏರಿತು ಎಂಬುದನ್ನು ಅಳೆದೇ ತಿಳಿಯಬೇಕು.

ದೂರನ್ನು ಬಿಡಿಸಿ ನೋಡುವುದು

ಎತ್ತರಿಸಿದ ನಂತರ ಬರುವ ದೂರುಗಳನ್ನೆಲ್ಲ ಬ್ರೇಕ್ ಸರಿಯಿಲ್ಲ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅವುಗಳ ಕಾರಣಗಳು ಮಾತ್ರ ಬೇರೆ ಬೇರೆ. ಪೆಡಲ್ ಗಟ್ಟಿಯಾಗಿದ್ದು, ಗಾಡಿ ಮೂಗು ತಗ್ಗಿಸಿ, ತಡವಾಗಿ ನಿಂತು, ಹಿಂದಿನ ಡ್ರಮ್ ತಣ್ಣಗಿದ್ದರೆ ಲೋಡ್ ವಾಲ್ವ್ ಕಡೆಗೆ ನೋಡಬೇಕು. ಹಿಂದಿನ ಡ್ರಮ್ ಕಾದು, ಶೂಗಳ ಮೇಲಿನ ಲೈನರ್ ಸುಟ್ಟ ವಾಸನೆ ಬಂದು, ಗಾಡಿ ನ್ಯೂಟ್ರಲ್‌ನಲ್ಲಿ ತಾನಾಗಿ ಉರುಳದಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ ಅಥವಾ ಹೋಸ್ ಕಾರಣವಾಗಿರುತ್ತದೆ. ಪೆಡಲ್ ಆಳಕ್ಕೆ ಹೋಗಿ ಎರಡನೆಯ ತುಳಿತಕ್ಕೆ ಮೇಲೆ ಬಂದರೆ ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಾಗಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಇದೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹಿಂದಿನಿಂದ ಕಡಕಡ ಎಂದು ಕುಣಿದರೆ ಬ್ಲಾಕಿನ ಎತ್ತರದಿಂದಾಗಿ ಹೌಸಿಂಗ್ ಪಾಟಾವನ್ನು ತಿರುಚುತ್ತಿದೆ, ಅಥವಾ ಪಾಟಾವನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಸಡಿಲಾಗಿದೆ. ಯು ಬೋಲ್ಟುಗಳನ್ನು ಹೊಸದನ್ನೇ ಹಾಕಬೇಕು. ಒಂದರ ಮೇಲೊಂದು ಬ್ಲಾಕ್ ಪೇರಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಕಾದ ಡ್ರಮ್ಮಿನ ಕಾರಣವನ್ನು ಬೇರ್ಪಡಿಸಲು ಒಂದು ಸುಲಭ ಪರೀಕ್ಷೆ ಇದೆ. ಗಾಲಿ ಬಿಗಿಯಾಗಿರುವಾಗಲೇ ಶೂಗಳನ್ನು ತಳ್ಳುವ ವ್ಹೀಲ್ ಸಿಲಿಂಡರಿನ ಬ್ಲೀಡ್ ಸ್ಕ್ರೂವನ್ನು (ಗಾಳಿ ತೆಗೆಯುವ ಸ್ಕ್ರೂ) ಒಂದು ಕ್ಷಣ ಸಡಿಲಿಸಬೇಕು. ಆಯಿಲ್ ಚಿಮ್ಮಿ ಗಾಲಿ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ತಿರುಚಿಕೊಂಡ ಅಥವಾ ಒಳಗೆ ಊದಿದ ಹೋಸ್ ಅದಕ್ಕೆ ಮೊದಲ ಸಂಶಯಿತ. ಬಿಟ್ಟುಕೊಳ್ಳದಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ಲಿನ ನಟ್ಟನ್ನು ಸಡಿಲಿಸಿ ನೋಡಬೇಕು.

ಹೋಸ್ ಮತ್ತು ಬ್ರೀದರ್

ಚಾಸಿಸ್ಸಿಗೆ ಜ್ಯಾಕ್ ಕೊಟ್ಟು ಹಿಂದಿನ ಗಾಲಿಗಳು ಪೂರ್ತಿ ಜೋತುಬೀಳುವಂತೆ ಮಾಡಿ, ಸ್ಟ್ಯಾಂಡ್ ಇಟ್ಟ ಮೇಲೆ, ರಬ್ಬರ್ ಹೋಸನ್ನು ನೋಡಬೇಕು. ಆ ಸ್ಥಿತಿಯಲ್ಲಿಯೂ ಅದು ಸಡಿಲವಾಗಿ ಬಾಗಿರಬೇಕು. ತಂತಿಯಂತೆ ಬಿಗಿದಿದ್ದರೆ, ಗಾಡಿ ಗುಂಡಿಗೆ ಬಿದ್ದ ದಿನ ಹೋಸ್ ಕಿತ್ತುಹೋಗುತ್ತದೆ. ಉದ್ದನೆಯ ಹೋಸ್ ಹಾಕಬೇಕು ಅಥವಾ ಚಾಸಿಸ್ ಬದಿಯ ಅದರ ಬ್ರಾಕೆಟ್ಟನ್ನು ಕೆಳಗಿಳಿಸಬೇಕು. ಎಬಿಎಸ್ ಇರುವ ಗಾಡಿಯಲ್ಲಿ ಗಾಲಿಯ ಸೆನ್ಸರ್ ವೈರನ್ನೂ ಹೀಗೆಯೇ ನೋಡಬೇಕು. ಹಿಂಬದಿಯ ಒತ್ತಡವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಹಂಚುವ ಗಾಡಿಗಳಲ್ಲಿ ರಾಡು ಇರಲೇಬೇಕೆಂದಿಲ್ಲ.

ಬ್ರೀದರ್ ಪೈಪನ್ನು ಯಾರೂ ನೋಡುವುದಿಲ್ಲ, ಅದಕ್ಕಾಗಿಯೇ ಒತ್ತಿ ಹೇಳುತ್ತಿದ್ದೇನೆ. ಎತ್ತರಿಸಿದಾಗ ಅದು ಜಗ್ಗಿ ಮಡಚಿಕೊಂಡರೆ, ಓಡುವಾಗ ಕಾದ ಹೌಸಿಂಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲದೆ ಆಯಿಲ್ ಸೀಲಿನ ಮೂಲಕ ಗೇರ್ ಆಯಿಲ್ಲನ್ನು ಡ್ರಮ್ಮಿನೊಳಕ್ಕೆ ತಳ್ಳುತ್ತದೆ. ಲೈನರ್ ನೆನೆದು ಆ ಬದಿಯ ಬ್ರೇಕ್ ಹೋಗುತ್ತದೆ. ಸೀಲ್ ಬದಲಿಸಿ, ಲೈನರ್ ಬದಲಿಸಿ, ಮತ್ತೆ ತಿಂಗಳೊಳಗೆ ಅದೇ ದೂರು ಬಂದರೆ ಬ್ರೀದರನ್ನು ನೋಡಬೇಕು.

ಶೂ ಮೊದಲು, ಕೇಬಲ್ ಆಮೇಲೆ

ಎತ್ತರಿಸಿದಾಗ ಹ್ಯಾಂಡ್ ಬ್ರೇಕ್ ಕೇಬಲ್ ಸಾಗಬೇಕಾದ ದಾರಿ ಉದ್ದವಾಗಿ, ಲಿವರ್ ಬಿಟ್ಟಿದ್ದರೂ ಕೇಬಲ್ ಒಳಗಿನ ಶೂಗಳನ್ನು ಸ್ವಲ್ಪ ಜಗ್ಗಿಯೇ ಇರುತ್ತದೆ. ಶೂ ತನ್ನ ವಿಶ್ರಾಂತಿಯ ಸ್ಥಾನಕ್ಕೆ ಮರಳದಿದ್ದರೆ ಸ್ವಯಂ ಹೊಂದಾಣಿಕೆಯ ಸಾಧನವೂ ಕೆಲಸ ಮಾಡುವುದಿಲ್ಲ. ಆದ್ದರಿಂದ ಕೇಬಲ್ಲನ್ನು ಪೂರ್ತಿ ಸಡಿಲಿಸಿದ ನಂತರವೇ ಶೂ ಹೊಂದಿಸಬೇಕು. ಈ ಕ್ರಮ ತಪ್ಪಿದರೆ ಎಷ್ಟು ಬಾರಿ ಮಾಡಿದರೂ ಸರಿ ಬರುವುದಿಲ್ಲ. ಸ್ಟ್ಯಾಂಡನ್ನು ಚಾಸಿಸ್ಸಿನ ಅಡಿಗೆ ಇಡದೆ ಹೌಸಿಂಗ್ ಟ್ಯೂಬಿನ ಅಡಿಗೆ ಇಡಬೇಕು. ಗಾಲಿಗಳು ಜೋತುಬಿದ್ದ ಸ್ಥಿತಿಯಲ್ಲಿ ಕೇಬಲ್ ಹೊಂದಿಸಿದರೆ ಗಾಡಿ ನೆಲಕ್ಕೆ ಇಳಿದ ಮೇಲೆ ಆ ಹೊಂದಾಣಿಕೆ ಉಳಿಯುವುದಿಲ್ಲ.

ಡ್ರಮ್ ತೆಗೆದಾಗ ಒಳಗಿನ ಪುಡಿಯನ್ನು ಏರ್ ಹೊಡೆದು ಹಾರಿಸಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಬೇಕು. ವ್ಹೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಎತ್ತಿ ಒಳಗೆ ತೇವ ಇದೆಯೇ ನೋಡಬೇಕು. ಡ್ರಮ್ಮಿನ ಒಳ ವ್ಯಾಸವನ್ನು ಅಳೆದು ಡ್ರಮ್ಮಿನ ಮೇಲೆಯೇ ಅಚ್ಚೊತ್ತಿರುವ ಗರಿಷ್ಠ ಮಿತಿಗೆ ಹೋಲಿಸಬೇಕು. ನಂತರ ಡ್ರಮ್ ಕೂಡಿಸಿ, ಹಿಂಬದಿಯ ಪ್ಲೇಟಿನ ಕಿಂಡಿಯಿಂದ ಶೂ ಹೊಂದಿಸುವ ಹಲ್ಲಿನ ಚಕ್ರವನ್ನು ಗಾಲಿ ಕಚ್ಚುವವರೆಗೆ ತಿರುಗಿಸಿ, ಪೆಡಲನ್ನು ಕೆಲವು ಬಾರಿ ತುಳಿದು ಶೂಗಳನ್ನು ನಡುವಿಗೆ ತಂದು, ಗಾಲಿ ಕೈಗೆ ಸಲೀಸಾಗಿ ತಿರುಗಿ ಲೈನರಿನ ಸಣ್ಣ ಸರಸರ ಸದ್ದು ಮಾತ್ರ ಕೇಳುವವರೆಗೆ ಹಿಂದಕ್ಕೆ ಬಿಡಬೇಕು. ಎರಡೂ ಬದಿಯಲ್ಲಿ ಒಂದೇ ಸದ್ದು ಬರಬೇಕು. ಆಮೇಲೆ ಕೇಬಲ್ಲನ್ನು ಕೈಪಿಡಿಯಲ್ಲಿ ಹೇಳಿದಷ್ಟು ಕಟಕಟಕ್ಕೆ ಹ್ಯಾಂಡ್ ಬ್ರೇಕ್ ಹಿಡಿಯುವಂತೆ ಬಿಗಿ ಮಾಡಬೇಕು. ಅಷ್ಟಕ್ಕೆ ಕೇಬಲ್ ಸಾಲದಿದ್ದರೆ ಉದ್ದನೆಯದನ್ನು ಹಾಕಬೇಕು, ಇಲ್ಲವೇ ಅದರ ಕ್ಲಿಪ್ಪಿನ ಸ್ಥಾನವನ್ನು ಬದಲಿಸಬೇಕು.

ಲೋಡ್ ವಾಲ್ವ್ ಹೊಂದಿಸುವುದು

ಇಲ್ಲಿ ಅವಸರ ಮಾಡಬಾರದು. ಮೊದಲು ರಾಡನ್ನು ಬಿಚ್ಚಿ ಲಿವರನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಬೇಕು. ತುಕ್ಕು ಅಥವಾ ಮಣ್ಣಿನಿಂದ ಕಚ್ಚಿಕೊಂಡ ವಾಲ್ವ್‌ಗೆ ಯಾವ ಹೊಂದಾಣಿಕೆಯೂ ಉಪಯೋಗವಿಲ್ಲ. ಲಿವರ್ ಸಲೀಸಾಗಿದ್ದರೆ ರಾಡಿನ ಹೌಸಿಂಗ್ ಬದಿಯ ಆಧಾರವನ್ನು ಗಾಡಿ ಏರಿದಷ್ಟೇ ಮೇಲಕ್ಕೆ ತರಬೇಕು. ಆಗ ಲಿವರ್ ಮೂಲ ಕೋನಕ್ಕೆ ಮರಳುತ್ತದೆ. ಅಣ್ಣಿಗೇರಿಯ ಗಾಡಿಗೆ 6 ಮಿಲಿಮೀಟರ್ ದಪ್ಪದ ಪಟ್ಟಿಯಿಂದ ಬ್ರಾಕೆಟ್ ಮಾಡಿ, ಕಂಪನಿಯ ಎರಡು ಬೋಲ್ಟಿನ ತೂತುಗಳಿಗೇ ಕೂಡಿಸಿ, ರಾಡಿನ ತುದಿಯನ್ನು 62 ಮಿಲಿಮೀಟರ್ ಏರಿಸಿದೆ. ವಾಲ್ವನ್ನೇ ಚಾಸಿಸ್ಸಿನಿಂದ ಕೆಳಗಿಳಿಸಬಹುದಾದರೂ ಉಕ್ಕಿನ ಪೈಪುಗಳನ್ನು ಬಾಗಿಸಬೇಕಾಗುವುದರಿಂದ ನಾನು ಅದನ್ನು ಆರಿಸುವುದಿಲ್ಲ. ರಾಡನ್ನು ಸುತ್ತಿಗೆಯಿಂದ ಬಗ್ಗಿಸುವುದು, ಹೌಸಿಂಗ್ ಟ್ಯೂಬಿಗೆ ವೆಲ್ಡಿಂಗ್ ಮಾಡುವುದು ಎರಡೂ ಬೇಡ.

ಇನ್ನೂ ಕೆಟ್ಟ ಪದ್ಧತಿಯೊಂದು ನಮ್ಮ ಕಡೆ ಇದೆ. ಲಿವರನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾರೆ, ಇಲ್ಲವೇ ವಾಲ್ವ್ ತೆಗೆದುಹಾಕಿ ಪೈಪಿಗೆ ನೇರ ಜೋಡಣೆ ಕೊಡುತ್ತಾರೆ. ಲೋಡ್ ಇದ್ದಾಗ ಬ್ರೇಕು ಚೆನ್ನಾಗಿಯೇ ಹಿಡಿಯುತ್ತದೆ, ಮಾಲೀಕರಿಗೆ ಸಂತೋಷವೂ ಆಗುತ್ತದೆ. ಆದರೆ ಮಾಲು ಇಳಿಸಿ ಖಾಲಿ ಗಾಡಿಯಲ್ಲಿ ಮರಳುವಾಗ, ಮೊದಲ ಮಳೆಗೆ ಎಣ್ಣೆಯಂತಾದ ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ತುಳಿದರೆ ಹಿಂದಿನ ಗಾಲಿಗಳು ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟದ ತಿರುವುಗಳಲ್ಲಿ ಹೀಗಾದರೆ ಸರಿಪಡಿಸಿಕೊಳ್ಳಲು ಸ್ಥಳವೇ ಇರುವುದಿಲ್ಲ. ತಂತಿ ಕಟ್ಟಿದ ಗಾಡಿ ಬಂದರೆ ಬೇರೆ ಯಾವ ಕೆಲಸಕ್ಕೂ ಮೊದಲು ಆ ತಂತಿಯನ್ನು ಕತ್ತರಿಸುತ್ತೇನೆ.

ಹೆಚ್ಚುವರಿ ಪಾಟಾ ಹಾಕಿದ ಗಾಡಿಯಲ್ಲಿ ಇನ್ನೊಂದು ತೊಡಕು ಇದೆ, ಅದನ್ನು ರಾಡಿನಿಂದ ಪೂರ್ತಿ ಬಿಡಿಸಲಾಗುವುದಿಲ್ಲ. ಉದಾಹರಣೆಗೆ, ಮೊದಲು ಪೂರ್ಣ ಲೋಡಿಗೆ 80 ಮಿಲಿಮೀಟರ್ ಕುಗ್ಗುತ್ತಿದ್ದ ಹಿಂಭಾಗ ಈಗ 45 ಮಾತ್ರ ಕುಗ್ಗುತ್ತದೆ ಎಂದಿಟ್ಟುಕೊಳ್ಳೋಣ. ಖಾಲಿ ಗಾಡಿಯ ಅಳತೆಗೆ ರಾಡು ಹೊಂದಿಸಿದರೆ, ಪೂರ್ಣ ಲೋಡಿನಲ್ಲಿಯೂ ವಾಲ್ವ್ ಅರ್ಧಕ್ಕಿಂತ ತುಸು ಹೆಚ್ಚಿನ ಲೋಡಿನ ಒತ್ತಡವನ್ನಷ್ಟೇ ಹಿಂದಕ್ಕೆ ಬಿಡುತ್ತದೆ. ಪೂರ್ಣ ಲೋಡಿನ ಅಳತೆಗೆ ಹೊಂದಿಸಿದರೆ ಖಾಲಿ ಇದ್ದಾಗ ಹಿಂದಿನ ಗಾಲಿ ಕಚ್ಚುತ್ತದೆ. ಎರಡಕ್ಕೂ ಸರಿಹೋಗುವ ಸ್ಥಾನ ಇಲ್ಲವೇ ಇಲ್ಲ. ಹಿಂದಿನ ಗಾಲಿ ಮೊದಲು ಕಚ್ಚುವುದು ಹೆಚ್ಚು ಅಪಾಯಕರವಾದ್ದರಿಂದ ನಾನು ಖಾಲಿ ಅಳತೆಗೇ ಹೊಂದಿಸುತ್ತೇನೆ. ಹೆಚ್ಚಿನ ಪಾಟಾ ತೆಗೆಸಿ, ಆರ್‌ಸಿಯಲ್ಲಿ ಬರೆದ ತೂಕದೊಳಗೆ ಲೋಡ್ ಹೇರಿ ಎಂದು ಮಾಲೀಕರಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಣ್ಣಿಗೇರಿಯ ರೈತರು ಎರಡು ದಿನ ಯೋಚಿಸಿ ಪಾಟಾ ತೆಗೆಸಿದರು. ಆಗ ಎತ್ತರ ಬ್ಲಾಕಿನ 50ಕ್ಕೆ ಇಳಿಯಿತು, ಬ್ರಾಕೆಟ್ಟನ್ನೂ ಅಷ್ಟಕ್ಕೇ ಮರುಹೊಂದಿಸಿದೆ.

ಅಂತಿಮ ನಿರ್ಣಯಕ್ಕೆ ಪ್ರೆಶರ್ ಗೇಜ್ ಬೇಕು. ಬ್ಲೀಡ್ ಸ್ಕ್ರೂಗಳ ಸ್ಥಾನದಲ್ಲಿ ಮುಂದೊಂದು, ಹಿಂದೊಂದು ಗೇಜ್ ಕೂಡಿಸಿ, ಪೆಡಲ್ ಒತ್ತಿ ಹಿಡಿದು, ಮುಂದೆ ಇಷ್ಟು ಒತ್ತಡ ಬಂದಾಗ ಹಿಂದೆ ಎಷ್ಟು ಬರುತ್ತದೆ ಎಂಬುದನ್ನು ಆ ಮಾದರಿಯ ಸರ್ವಿಸ್ ಕೈಪಿಡಿಯ ಅಂಕಿಗಳಿಗೆ ಹೋಲಿಸಬೇಕು. ಗೇಜ್ ಇಲ್ಲದವರು ಕೋನ ಮತ್ತು ಅಂತರದ ಲೆಕ್ಕದಲ್ಲಿ ತಾತ್ಕಾಲಿಕವಾಗಿ ಹೊಂದಿಸಿ, ಗೇಜ್ ಇರುವಲ್ಲಿ ಖಚಿತಪಡಿಸಿಕೊಳ್ಳುವುದು ಲೇಸು.

ಗಾಳಿ ತೆಗೆಯುವುದು ಮತ್ತು ಓಡಿಸಿ ನೋಡುವುದು

ಹೋಸ್ ಬದಲಿಸಿದ್ದರೆ ಅಥವಾ ಗೇಜ್ ಕೂಡಿಸಿದ್ದರೆ ಲೈನಿನ ಗಾಳಿ ತೆಗೆಯಲೇಬೇಕು. ಹಿಂದಿನ ಗಾಲಿಗಳು ಜೋತುಬಿದ್ದಿದ್ದರೆ ಲೋಡ್ ವಾಲ್ವ್ ಹಿಂದಕ್ಕೆ ಹೋಗುವ ದಾರಿಯನ್ನು ಕಿರಿದು ಮಾಡಿರುತ್ತದೆ, ಗಾಳಿ ಪೂರ್ತಿ ಬರುವುದಿಲ್ಲ. ಆದ್ದರಿಂದ ಈ ಕೆಲಸವನ್ನೂ ಭಾರ ಹೌಸಿಂಗಿನ ಮೇಲಿರುವಾಗಲೇ ಮಾಡಬೇಕು, ವಾಲ್ವ್‌ಗೇ ಬ್ಲೀಡ್ ಸ್ಕ್ರೂ ಇದ್ದರೆ ಅಲ್ಲಿಂದಲೂ ತೆಗೆಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ತೆರೆದಿಟ್ಟ ಹಳೆಯ ಡಬ್ಬಿಯದ್ದನ್ನು ಬಳಸಬಾರದು.

ಪರೀಕ್ಷೆಯನ್ನು ಜನ, ವಾಹನ ಇಲ್ಲದ ಸಮತಟ್ಟಾದ ಡಾಂಬರು ಅಥವಾ ಕಾಂಕ್ರೀಟ್ ನೆಲದಲ್ಲಿ ಮಾಡಬೇಕು. ಮೊದಲು ಖಾಲಿ ಗಾಡಿ, ಗಂಟೆಗೆ 20 ಕಿಲೋಮೀಟರ್ ವೇಗ. ಸರಿ ಕಂಡರೆ 40. ಒಬ್ಬರು ದೂರದಲ್ಲಿ ಪಕ್ಕಕ್ಕೆ ನಿಂತು ಯಾವ ಗಾಲಿ ಮೊದಲು ಕಚ್ಚುತ್ತದೆ ಎಂದು ನೋಡಬೇಕು. ಹಿಂದಿನದು ಮೊದಲು ಕಚ್ಚಿದರೆ ರಾಡಿನ ಆಧಾರವನ್ನು ತುಸು ಕೆಳಗಿಳಿಸಿ ಮತ್ತೆ ನೋಡಬೇಕು. ನಂತರ ಲೋಡ್ ಹೇರಿ ಅದೇ ಪರೀಕ್ಷೆ, ಕೊನೆಗೆ ನಾಲ್ಕೂ ಗಾಲಿಗಳಿಗೆ ನೀರಿನ ಹನಿ. ಅಣ್ಣಿಗೇರಿಯ ಗಾಡಿಯಲ್ಲಿ ಈ ಬಾರಿ ಹಿಂದಿನ ಡ್ರಮ್ಮಿನ ಹನಿಯೂ ಅಂಚಿನಲ್ಲಿ ನೊರೆಯಾಡಿ ಆರಿತು, ಎಡ ಮತ್ತು ಬಲ ಎರಡೂ ಕಡೆ.

ಹೊಸ ಪಾಟಾ ಮತ್ತು ಬುಷ್‌ಗಳು ಕೆಲವು ವಾರ ಓಡಿದ ಮೇಲೆ ಸ್ವಲ್ಪ ಕುಳಿತುಕೊಳ್ಳುತ್ತವೆ. ಆಗ ಅಂತರ ಕಡಿಮೆಯಾಗಿ ಹಿಂದಿನ ಒತ್ತಡ ತಾನಾಗಿ ಹೆಚ್ಚುವುದರಿಂದ, 500 ಕಿಲೋಮೀಟರ್ ಓಡಿದ ನಂತರ ಯು ಬೋಲ್ಟುಗಳ ಬಿಗಿ, ಎರಡೂ ಬದಿಯ ಅಂತರ, ಲಿವರಿನ ಕೋನ ಈ ಮೂರನ್ನೂ ಮತ್ತೆ ನೋಡಬೇಕು. ಮೋಟಾರು ವಾಹನಗಳ ಕಾಯ್ದೆ 1988ರ 52ನೇ ಕಲಂ ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ನಿಷೇಧಿಸುವುದರಿಂದ, ಎತ್ತರಿಸುವ ಯೋಚನೆ ಇರುವವರು ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಅಣ್ಣಿಗೇರಿಯ ಗಾಡಿಯ ಡ್ರೈವರ್ ಬಾಗಿಲಿನ ಒಳಬದಿಯಲ್ಲಿ ಹಿಂಬದಿಯ ಎಡ ಮತ್ತು ಬಲ ಅಂತರ, ಬ್ರಾಕೆಟ್ ಏರಿಸಿದ 50 ಮಿಲಿಮೀಟರ್ ಮತ್ತು ಕೆಲಸ ಮಾಡಿದ ದಿನಾಂಕವನ್ನು ಬಿಳಿ ಪೇಂಟಿನಲ್ಲಿ ಬರೆದುಕೊಟ್ಟಿದ್ದೇನೆ, ಮುಂದೆ ಅದರ ಅಡಿಗೆ ಮಲಗುವ ಮೆಕ್ಯಾನಿಕ್ ಯಾರೇ ಆಗಿರಲಿ, ಅವರಿಗೆ ಸಿಗಲೆಂದು.